ಯಾರು ಏನೇ ಹೇಳಿದರೂ

ಫೆಬ್ರವರಿ 6

ಪುಟ್ಟಾ,

ನಿನ್ನ ಕಾಗದ ನಿನ್ನೆ ಬಂತು. ಊರಿಗೆಲ್ಲ ಕಾಗದ ಹಂಚುವ ಅಂಚೆಯವಳಿಗೆ ತನ್ನ ಹೆಸರಿಗೇ ಒಂದು ಕಾಗದ ಬಂದರೆ ಎಷ್ಟು ಖುಷಿಯಾಗುತ್ತದೆ ಅಂತ ನಿನಗೆ ಗೊತ್ತಿಲ್ಲ. ಪ್ರೆಸ್ಸಿನಲ್ಲಿ ಮೆಷಿನ್ನಿನ ಪಕ್ಕ ಕೂತು ಕರಡು ತಿದ್ದಿ ತಿದ್ದಿ ನಿನ್ನ ಕಿವಿ ಮಂದವಾದದ್ದು ಒಂದು ಲೆಕ್ಕದಲ್ಲಿ ನನಗೆ ಲಾಭವೇ. ಆಫೀಸಿನ ಫೋನಿನಲ್ಲಿ ನಾನು ಕಿರುಚಿ, ನೀನು "ಏನಂದೆ?" ಅಂದು, ನಮ್ಮ ಮನೆ ವಿಷಯವೆಲ್ಲ ಪೋಸ್ಟ್‌ಮಾಸ್ಟರಿಗೆ ಬಾಯಿಪಾಠ ಆಗುವುದಕ್ಕಿಂತ ಇದು ಎಷ್ಟೋ ವಾಸಿ.

ಸಾಹೇಬ ಹೇಗಿದ್ದಾನೆ ಅಂತ ಕೇಳಿದ್ದೀಯ. ಚೆನ್ನಾಗಿದ್ದಾನೆ. ಈಗಲೂ ಬೆಳಿಗ್ಗೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮುಂಗಾಲು ಚಾಚಿ ಕೂತು, ಯಾರು ಹೊತ್ತಿಗೆ ಸರಿಯಾಗಿ ಬಂದರು, ಯಾರು ತಡವಾಗಿ ಬಂದರು ಅಂತ ನೋಡುತ್ತಾನೆ. ಆ ಹೆಸರು ಬಂದದ್ದೇ ಅದಕ್ಕೆ. ನಾನು ಚೀಲ ಹೆಗಲಿಗೆ ಹಾಕಿದ್ದೇ ತಡ, ಎದ್ದು ಮೈ ಕೊಡವಿ ಹಿಂದೆಯೇ ಹೊರಡುತ್ತಾನೆ. ನಮ್ಮ ಆಫೀಸಿನಲ್ಲಿ ನಾಯಿಯಿಂದ ಕಚ್ಚಿಸಿಕೊಳ್ಳದವಳು ಅಂದರೆ ನಾನೊಬ್ಬಳೇ. ಹೊಸಬರು ಕೆಲಸಕ್ಕೆ ಸೇರಿದರೆ ಪೋಸ್ಟ್‌ಮಾಸ್ಟರ್ "ನಾಯಿ ವಿಷಯ ಅವರನ್ನು ಕೇಳಿ" ಅಂತ ನನ್ನ ಕಡೆ ಕೈ ತೋರಿಸುತ್ತಾರೆ. ಹೆಮ್ಮೆ ಅಂದುಕೋ, ಜಂಬ ಅಂದುಕೋ, ಎರಡೂ ಇದೆ.

ನಿನ್ನೆ ಒಂದು ಸಣ್ಣ ಗಲಾಟೆಯಾಯಿತು. ಟೈಲರಮ್ಮ ನೆನಪಿದ್ದಾಳಲ್ಲ, ಮೂಲೆಮನೆಯಲ್ಲಿ ಮಗಳನ್ನು ಕಟ್ಟಿಕೊಂಡು ಹೊಲಿಗೆ ಹಾಕುವವಳು, ನಿನ್ನ ಹಳೇ ಅಂಗಿಗಳ ಕಾಲರು ತಿರುಗಿಸಿ ಹೊಸದು ಮಾಡಿಕೊಟ್ಟವಳು. ಅವಳ ಮಗಳು ಗುಬ್ಬಿ ಬಾಗಿಲ ಮುಂದೆ ಹಗ್ಗದಾಟ ಆಡುತ್ತಿದ್ದಳು. ನನ್ನ ಹಿಂದೆ ಬಂದ ಸಾಹೇಬ ಸೀದಾ ಹೋಗಿ ಅವಳ ಮೀನಖಂಡಕ್ಕೆ ಬಾಯಿ ಹಾಕಿಬಿಟ್ಟ. ಎರಡು ಹಲ್ಲಿನ ಗುರುತು, ಒಂದರಲ್ಲಿ ಸಾಸಿವೆಯಷ್ಟು ರಕ್ತ. ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಓಡಿಬಂದು, "ಅಕ್ಕಾ, ಆಸ್ಪತ್ರೆಗೆ ಕರ್ಕೊಂಡು ಹೋಗ್ಲಾ?" ಅಂದಳು. ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು, ಅವರ ಕಣ್ಣೆಲ್ಲ ನನ್ನ ನಾಯಿಯ ಮೇಲೆ. ನಾನು ಹೇಳಿದೆ: "ನಮ್ಮ ಸಾಹೇಬನಾ? ಬೊಗಳೋ ನಾಯಿ ಕಚ್ಚಲ್ಲಮ್ಮ. ಹಗ್ಗ ಹಿಡಿಯೋಕೆ ಹೋಗಿ ಹಲ್ಲು ತಾಗಿದೆ ಅಷ್ಟೇ. ನನ್ನ ಮಾತು ನಂಬು."

ನಂಬಿದಳು. ಕರವಸ್ತ್ರದಲ್ಲಿ ಒರೆಸಿ ಮುಗಿಸಿದೆವು. ನಮ್ಮ ಒಂದು ಮಾತಿಗೆ ಜನ ಇಷ್ಟು ಬೆಲೆ ಕೊಡುತ್ತಾರೆ ಅಂದರೆ ಸಂಬಳಕ್ಕಿಂತ ದೊಡ್ಡದು ಕಣೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ


ಫೆಬ್ರವರಿ 11

ಅಕ್ಕಾ,

ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗಾಗಿದೆ. ಈ ವಾರ ನನ್ನ ಮೇಜಿನ ಮೇಲೆ ಆರೋಗ್ಯ ಇಲಾಖೆಯವರ ಕರಪತ್ರದ ಕರಡು ಇದೆ, ನಾಯಿ ಕಡಿತದ್ದು. ಮೂರು ಸಲ ಅಕ್ಷರಕ್ಕಾಗಿ ಓದಿದ್ದೆ. ನಿನ್ನ ಕಾಗದ ಬಂದ ಮೇಲೆ ಮೊದಲ ಸಲ ಅರ್ಥಕ್ಕಾಗಿ ಓದಿದೆ.

ಆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೆ ಹೇಳು. ರಕ್ತ ಸಾಸಿವೆಯಷ್ಟೋ ಸೌತೆಕಾಯಿಯಷ್ಟೋ, ಲೆಕ್ಕಕ್ಕಿಲ್ಲವಂತೆ. ಕಚ್ಚಿದ ಜಾಗವನ್ನು ಆಗಲೇ ನಲ್ಲಿ ನೀರಿನ ಕೆಳಗೆ ಹಿಡಿದು, ಸೋಪು ಹಾಕಿ, ಕಾಲು ಗಂಟೆ ತೊಳೆಯಬೇಕಿತ್ತು. ಕರವಸ್ತ್ರದಲ್ಲಿ ಒರೆಸಿದರೆ ಸಾಲದು. ಸುಣ್ಣ, ಖಾರದ ಪುಡಿ ಏನೂ ಮೆತ್ತಬಾರದು. ಆಮೇಲೆ ಆವತ್ತೇ ಚುಚ್ಚುಮದ್ದು. ನಮ್ಮ ಕಾಲದವರು ಹೆದರಿಸುತ್ತಿದ್ದ ಹಾಗೆ ಹೊಕ್ಕುಳ ಸುತ್ತ ಅಲ್ಲ, ತೋಳಿಗೆ, ಕೆಲವೇ ಸಲ. ಹುಚ್ಚುನಾಯಿ ರೋಗ ಒಳಗೆ ಸೇರಿದ್ದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನಿರುತ್ತದಂತೆ. ತಲೆ ಎತ್ತಿದ ಮೇಲೆ ಮಾತ್ರ ಯಾವ ಡಾಕ್ಟರಿಗೂ ಏನೂ ಮಾಡಲಾಗುವುದಿಲ್ಲ.

ಇನ್ನೊಂದು. ಸಾಹೇಬನಿಗೆ ಯಾರಾದರೂ ಯಾವತ್ತಾದರೂ ಲಸಿಕೆ ಹಾಕಿಸಿದ್ದಾರಾ? ನೀನು ಹಾಕಿಸಿದ್ದೀಯಾ?

ಕರಡಿನ ಒಂದು ಪ್ರತಿ ಜೊತೆಗಿಟ್ಟಿದ್ದೇನೆ. ಮಸಿ ಕೈಗೆ ಅಂಟುತ್ತದೆ, ಜೋಪಾನ.

ನಿನ್ನ ತಮ್ಮ


ಫೆಬ್ರವರಿ 16

ಪುಟ್ಟಾ,

ಕಾಗದ ಸಿಕ್ಕಿತು. ಇಲ್ಲಿ ಕೆಲಸ ಜಾಸ್ತಿ, ಉದ್ದಕ್ಕೆ ಬರೆಯಲು ಪುರುಸೊತ್ತಿಲ್ಲ. ಟಪಾಲು ಪೆಟ್ಟಿಗೆಯ ಮುಚ್ಚಳ ಬಲಗೈ ಮೇಲೆ ಬಿತ್ತು, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಗುಬ್ಬಿ ಚೆನ್ನಾಗಿದ್ದಾಳೆ. ಇವತ್ತೂ ಹಗ್ಗದಾಟ ಆಡುತ್ತಿದ್ದಳು. ಸಾಹೇಬ ಎಲ್ಲೋ ಸುತ್ತಲು ಹೋಗಿದ್ದಾನೆ, ಕಾಣುತ್ತಿಲ್ಲ. ನಿನ್ನ ಕರಪತ್ರ ಅಚ್ಚಾಗಿ ಇಲ್ಲಿಗೂ ಬಂದಿದೆ, ಮನೆಮನೆಗೂ ಹಂಚಬೇಕಂತೆ.

ಸೊಳ್ಳೆ ಪರದೆ ಕಟ್ಟಿಕೊಂಡು ಮಲಗು.

ಅಕ್ಕ


ಫೆಬ್ರವರಿ 20

ಅಕ್ಕಾ,

ಹೊಟ್ಟೆಪಾಡಿಗೆ ಬೇರೆಯವರ ತಪ್ಪು ಹುಡುಕುವವನು ನಾನು. ನಿನ್ನ ಕಾಗದದಲ್ಲಿ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದು ಬೇಗ ಕಣ್ಣಿಗೆ ಬಿತ್ತು. ಆಸ್ಪತ್ರೆಗೆ ಕಳಿಸು ಅಂತ ಬರೆದೆ, ಉತ್ತರ ಇಲ್ಲ. ಲಸಿಕೆ ಹಾಕಿಸಿದ್ದೀಯಾ ಅಂದೆ, ಉತ್ತರ ಇಲ್ಲ. ಮಗು ಹಗ್ಗದಾಟ ಆಡುತ್ತಿದೆ ಅಂತೀಯ. ಆ ರೋಗ ಬರುವ ಹಿಂದಿನ ದಿನದವರೆಗೂ ಮಕ್ಕಳು ಹಗ್ಗದಾಟ ಆಡುತ್ತಾರೆ.

ಟಪಾಲು ಪೆಟ್ಟಿಗೆಯ ಮುಚ್ಚಳ ನನಗೂ ಗೊತ್ತು. ಚಿಕ್ಕವನಿದ್ದಾಗ ನಿನ್ನ ಜೊತೆ ಬಂದು ಆ ಪೆಟ್ಟಿಗೆಯ ಮೇಲೇ ಕೂರುತ್ತಿದ್ದೆ. ಮುಚ್ಚಳ ಇರುವುದು ಮುಂಭಾಗದಲ್ಲಿ, ಕೆಳಕ್ಕೆ ತೆರೆಯುತ್ತದೆ, ಕೈ ಮೇಲೆ ಬೀಳುವ ಮುಚ್ಚಳ ಅಲ್ಲ ಅದು.

ನಾಯಿ ಎಲ್ಲಿ? ಕೈಗೆ ಏನಾಯಿತು? ಈ ಎರಡಕ್ಕೆ ಉತ್ತರ ಬರೆ. ಸೊಳ್ಳೆ ಪರದೆ ವಿಷಯ ಆಮೇಲೆ ನೋಡೋಣ.

ತಮ್ಮ


ಫೆಬ್ರವರಿ 24

ಪುಟ್ಟಾ,

ಸಾಹೇಬ ಸತ್ತ.

ಗುಬ್ಬಿಗೆ ಬಾಯಿ ಹಾಕಿದ ಎರಡು ಮೂರು ದಿನಕ್ಕೆ ಅವನು ಮೆಟ್ಟಿಲು ಬಿಟ್ಟು ಸೈಕಲ್ ಸ್ಟ್ಯಾಂಡಿನ ಕತ್ತಲಲ್ಲಿ ಕೂತಿದ್ದ. ಬಾ ಅಂದೆ, ಬರಲಿಲ್ಲ. ಬಾಯಲ್ಲಿ ಜೊಲ್ಲು. ಏನೋ ಗಂಟಲಲ್ಲಿ ಸಿಕ್ಕಿಕೊಂಡಿದೆ ಅಂದುಕೊಂಡು ಕೈ ಚಾಚಿದೆ. ಕಚ್ಚಿದ ಪುಟ್ಟಾ. ಆಟಕ್ಕಲ್ಲ. ಅವನ ಕಣ್ಣಲ್ಲಿ ನನ್ನ ಗುರುತೇ ಇರಲಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗುವುದಿಲ್ಲವಂತೆ, ನಾನು ಬೀದಿ ಮುಂದೆ ಹೇಳಿದ ಗಾದೆ ಮಾತ್ರ ಸುಳ್ಳಾಯಿತು. ಆಮೇಲೆ ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದ. ಕಸದ ಗಾಡಿಯವರು ತೆಗೆದುಕೊಂಡು ಹೋದರು. ಯಾರ ನಾಯಿ ಅಂತ ಅವರು ಕೇಳಿದರು, ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹೊಗಳುವವರಿದ್ದಾಗ ನನ್ನ ನಾಯಿ, ಲಸಿಕೆ ಅಂದಾಗ ಬೀದಿ ನಾಯಿ, ಸತ್ತಾಗ ಯಾರದ್ದೂ ಅಲ್ಲ. ನಿನ್ನ ಪ್ರಶ್ನೆಗೆ ಉತ್ತರ ಇದೇ. ಹಾಕಿಸಿರಲಿಲ್ಲ.

ಈಗ ಇದಕ್ಕಿಂತ ಕೆಟ್ಟದ್ದು ಹೇಳಬೇಕು. ನಾನು ಚುಚ್ಚುಮದ್ದು ಹಾಕಿಸಿಕೊಂಡೆ.

ಕಚ್ಚಿದ ದಿನವೇ ಕೈ ತೊಳೆದು, ಕೆಲಸದ ಬಟ್ಟೆ ಬದಲಾಯಿಸಿ, ಪರಿಚಯದವರು ಯಾರೂ ಸಿಗದಿರಲಿ ಅಂತ ಊರಿನ ಆ ತುದಿಯ ಆಸ್ಪತ್ರೆಗೆ ಹೋದೆ. ನಾಯಿ ಕಚ್ಚಿಸಿಕೊಳ್ಳದವಳು ಅನ್ನುವ ಹೆಸರು ಉಳಿಯಬೇಕಿತ್ತಲ್ಲ. ನರ್ಸು "ಇದೇ ನಾಯಿ ಬೇರೆ ಯಾರಿಗಾದ್ರೂ ಕಚ್ಚಿದ್ಯಾ?" ಅಂತ ಕೇಳಿದಳು. ಇಲ್ಲ ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಅದಾದ ಮೇಲೆ ದಿನಾ ಟೈಲರಮ್ಮನ ಮನೆ ಮುಂದೆ ಹೋಗುತ್ತೇನೆ. ಇವತ್ತು ಹೇಳುತ್ತೇನೆ ಅಂತಲೇ ಮನೆ ಬಿಡುತ್ತೇನೆ. ಬಾಗಿಲಿಗೆ ಬಂದರೆ ಅವಳು ನಗುತ್ತಾಳೆ, ನಾನೂ ನಗುತ್ತೇನೆ, ಮುಂದಿನ ಮನೆಗೆ ಹೋಗುತ್ತೇನೆ. ಒಂದು ದಿನ ತಡವಾದದ್ದಕ್ಕೆ ಏನು ಹೇಳಲಿ ಅಂತ ಸುಮ್ಮನಾದೆ. ಮರುದಿನ ಎರಡು ದಿನದ್ದಾಯಿತು. ಹೀಗೇ ಬೆಳೆಯಿತು. ನಿನ್ನ ಕರಪತ್ರವನ್ನು ಅವಳ ಬಾಗಿಲಿಗೆ ನಾನೇ ಸಿಕ್ಕಿಸಿದೆ. ಓದಿಕೊಂಡು ಅವಳೇ ಹೋಗಲಿ, ನನ್ನ ಬಾಯಿಂದ ಬರುವುದು ಬೇಡ ಅಂತ. ಮರುದಿನ ನೋಡಿದರೆ ಅದನ್ನು ಮಡಿಸಿ ಮೆಷಿನ್ನಿನ ಕಾಲಡಿ ಕೊಟ್ಟಿದ್ದಳು. "ನೋಡಿ ಅಕ್ಕಾ, ಕಂಡ ಕಂಡ ನಾಯಿ ವಿಷಯ ಬರ್ದಿದಾರೆ. ನೀವು ಹೇಳ್ದೇ ಇದ್ರೆ ನಾನು ಹೆದರಿ ಸಾಯ್ತಿದ್ದೆ" ಅಂದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತ ಕೇಳಿದ್ದೆ. ಆ ಗಾದೆಗೆ ನನ್ನ ಫೋಟೋ ಹಾಕಬಹುದು.

ಪ್ರಾಣ ಹೋದರೂ ಮಾನ ಹೋಗಬಾರದು ಅನ್ನುತ್ತಾರೆ. ಯಾರ ಪ್ರಾಣ ಅಂತ ಯಾರೂ ಕೇಳುವುದಿಲ್ಲ. ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿಲ್ಲ. ಬೈದು ಬರೆ.

ಅಕ್ಕ


ಫೆಬ್ರವರಿ 27

ಅಕ್ಕಾ,

ಬೈಯಲು ನನಗೆ ಪುರುಸೊತ್ತಿಲ್ಲ, ನಿನಗೂ ಇಲ್ಲ. ಪ್ರೆಸ್ಸಿಗೆ ಕರಪತ್ರ ಬರೆದುಕೊಟ್ಟ ಡಾಕ್ಟರನ್ನು ಹೋಗಿ ಕೇಳಿದೆ. ತಡವಾಗಿದ್ದರೂ ಹಾಕಿಸಲೇಬೇಕು, ಮಗು ಚೆನ್ನಾಗಿರುವಷ್ಟು ದಿನವೂ ಬಾಗಿಲು ತೆರೆದೇ ಇದೆ ಅಂದರು. ಯಾವತ್ತು ಮುಚ್ಚುತ್ತದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲವಂತೆ.

ಈ ಕಾಗದದ ಜೊತೆಗೇ ಇನ್ನೊಂದು ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಅದು ಟೈಲರಮ್ಮನ ಹೆಸರಿಗೆ. ನಾಳೆ ನಿನ್ನ ಚೀಲಕ್ಕೇ ಬೀಳುತ್ತದೆ. ಇಷ್ಟು ವರ್ಷದಲ್ಲಿ ಒಂದು ಕಾಗದವನ್ನೂ ನೀನು ತಡೆಹಿಡಿದವಳಲ್ಲ. ಮಳೆಗೆ ನೆಂದದ್ದು, ವಿಳಾಸ ಅಳಿಸಿದ್ದು, ಕೆಟ್ಟ ಸುದ್ದಿಯದ್ದು, ಎಲ್ಲ ಮುಟ್ಟಿಸಿದವಳು. ಇದನ್ನೂ ಮುಟ್ಟಿಸು.

ತಮ್ಮ


ಮಾರ್ಚ್ 3

ಪುಟ್ಟಾ,

ಮುಟ್ಟಿಸಿದೆ.

ಕಾಗದ ವಿಂಗಡಿಸುವ ಮೇಜಿನ ಮೇಲೆ ನಿನ್ನ ಅಕ್ಷರ ಕಂಡಿತು. ಎಲ್ಲ ಬರೆದುಬಿಟ್ಟಿದ್ದೀಯ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ದಾರಿಯಲ್ಲಿ ಮೋರಿ ಹತ್ತಿರ ಒಂದು ಗಳಿಗೆ ನಿಂತೆ. ಅದನ್ನು ಅಲ್ಲಿ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕಾಗದ ಎಸೆಯುವುದು ಈ ಕೈಗೆ ಬರುವುದಿಲ್ಲ. ಮಗುವಿನ ಜೀವಕ್ಕಿಂತ ಕಾಗದದ ಮೇಲೆ ನನಗೆ ಹೆಚ್ಚು ನಿಯತ್ತು ಅಂತಾಯಿತಲ್ಲ, ಅದೂ ನಾಚಿಕೆಯೇ.

ಟೈಲರಮ್ಮ ಕಾಜಾ ಹಾಕುತ್ತಿದ್ದಳು. ಯಾವಾಗಿನಂತೆ "ಕಣ್ಣು ಸೂಜಿ ಮೇಲಿದೆ, ನೀವೇ ಓದಿಬಿಡಿ ಅಕ್ಕಾ" ಅಂದಳು. ಒಡೆದೆ. ಒಳಗೆ ಎರಡೇ ಸಾಲು. ನೀನು ಬರೆದದ್ದು ನಿನಗೆ ನೆನಪಿರುತ್ತದೆ, ಆದರೂ ನನ್ನ ಬಾಯಲ್ಲಿ ಅದು ಹೇಗಿತ್ತು ಅಂತ ನಿನಗೆ ಗೊತ್ತಾಗಬೇಕು. "ಈ ಕಾಗದ ತಂದವರು ನಿಮಗೆ ಒಂದು ಮಾತು ಹೇಳಬೇಕಾಗಿದೆ. ಹೇಳುವ ತನಕ ಅವರನ್ನು ಬಾಗಿಲಿಂದ ಬಿಡಬೇಡಿ."

ಅವಳು ಸೂಜಿ ನಿಲ್ಲಿಸಿ ನಗುತ್ತಲೇ ತಲೆ ಎತ್ತಿದಳು, ಏನೋ ತಮಾಷೆ ಇರಬೇಕು ಅಂತ. ನಾನು ಹೇಳಿದೆ. ನಾಯಿ ಹುಚ್ಚು ಹಿಡಿದು ಸತ್ತಿತು ಅಂದೆ, ಗುಬ್ಬಿಯನ್ನು ಈಗಲೇ ಕರೆದುಕೊಂಡು ಹೋಗಬೇಕು ಅಂದೆ. ನಗು ಅವಳ ಮುಖದಲ್ಲಿ ಹಾಗೇ ಉಳಿದಿತ್ತು, ಇಳಿಸುವುದು ಮರೆತುಹೋದ ಹಾಗೆ. ನನ್ನ ಕೈಯ ಗಾಯ ನೋಡಿದಳು.

"ನೀವು ಹಾಕಿಸ್ಕೊಂಡ್ರಾ?"

"ಹೂಂ."

"ಯಾವಾಗ?"

ಗಾಯದ ಕೈಯನ್ನು ಚೀಲದ ಹಿಂದೆ ಸರಿಸಿದೆ. ಅವಳು ಗುಬ್ಬಿಯನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಹೊರಟಳು, ಮನೆಗೆ ಬೀಗವನ್ನೂ ಹಾಕಲಿಲ್ಲ. ನಾನು ಬಾಗಿಲು ಎಳೆದುಕೊಂಡು ಹಿಂದೆ ಓಡಿದೆ. ಬೈದಿದ್ದರೆ, ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಒಂದು ತುದಿ, ನಾನು ಒಂದು ತುದಿ. ಮಧ್ಯದಲ್ಲಿ ಗುಬ್ಬಿ ಕಾಲು ಆಡಿಸುತ್ತಾ, "ಸಾಹೇಬ ಎಲ್ಲಿ ಹೋದ ಅತ್ತೆ?" ಅಂತ ನನ್ನನ್ನೇ ಕೇಳಿದಳು.

ಡಾಕ್ಟರು ಕಾಲನ್ನು ತಿರುಗಿಸಿ ನೋಡಿ, ಗುರುತು ಸಿಕ್ಕ ಜಾಗದಲ್ಲೇ ಒಂದು ಮದ್ದು ಚುಚ್ಚಿದರು, ತೋಳಿಗೆ ಇನ್ನೊಂದು. ಕಾಲಿಗೆ ಚುಚ್ಚುವಾಗ ಅವಳು ಅತ್ತದ್ದು ನನಗೆ ಇನ್ನೂ ಕೇಳುತ್ತಿದೆ. "ತಡವಾಗಿದೆ. ಹಾಗಂತ ಬಿಡೋ ಹಾಗಿಲ್ಲ. ಒಂದೂ ತಪ್ಪಿಸಬೇಡಿ" ಅಂದರು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಟೈಲರಮ್ಮನನ್ನು ಗದರಿದರು. ಅವಳು ನನ್ನ ಕಡೆ ತಿರುಗಲಿಲ್ಲ, ನನ್ನ ಮೇಲೆ ಹೇಳಲೂ ಇಲ್ಲ. ನಾನೇ ಎದ್ದು ನಿಂತು, ನಾನು ಬೇಡ ಅಂದಿದ್ದೆ ಅಂತ ಹೇಳಿದೆ. ಡಾಕ್ಟರು ನನ್ನ ಮೈಮೇಲಿದ್ದ ಕೆಲಸದ ಬಟ್ಟೆ ನೋಡಿದರು.

ಅಲ್ಲಿಂದ ಸೀದಾ ಆಫೀಸಿಗೆ ಹೋಗಿ ಪೋಸ್ಟ್‌ಮಾಸ್ಟರಿಗೆ ಹೇಳಿದೆ, ಎಲ್ಲರ ಮುಂದೆ. ಸಾಹೇಬನನ್ನು ಮುಟ್ಟಿದವರು, ಅವನ ಜೊಲ್ಲು ತಾಗಿದವರು ಇದ್ದರೆ ಆಸ್ಪತ್ರೆಗೆ ಹೋಗಿ ಅಂದೆ. ಇಬ್ಬರು ಹೋದರು. ಸೈಕಲ್ ಸ್ಟ್ಯಾಂಡಿನವನ ಬೆರಳಿಗೂ ಕಚ್ಚಿತ್ತಂತೆ. ಆ ನಾಯಿ ಜೊತೆ ದಿನಾ ನೀವೇ ಇದ್ದೀರಲ್ಲ ಅಂತ ಧೈರ್ಯವಾಗಿದ್ದನಂತೆ.

ಅಕ್ಕ


ಮಾರ್ಚ್ 8

ಅಕ್ಕಾ,

ನಿನ್ನ ಕಾಗದ ಓದಿ ಮುಗಿಸಿ, ಅವತ್ತು ಕರಡು ತಿದ್ದಲು ಕೂರಲಿಲ್ಲ.

ನನ್ನದೂ ಒಂದಿದೆ. ಸಾಹೇಬ ಸತ್ತ ಅಂತ ನೀನು ಬರೆದ ಕಾಗದ ನನ್ನ ಕೈಗೆ ಬಂದಾಗಲೇ ಬಸ್ಸು ಹತ್ತಬೇಕಿತ್ತು. ಸಂಜೆಯ ಬಸ್ಸು ಇತ್ತು. ಅದನ್ನು ಬಿಟ್ಟು ಕೂತು, ಎರಡು ಸಾಲನ್ನು ಹೇಗೆ ಬರೆದರೆ ಚೆನ್ನ ಅಂತ ಮೂರು ಹಾಳೆ ಹರಿದೆ. ಎಷ್ಟು ಬುದ್ಧಿವಂತ ನಾನು ಅಂತ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ ಕೂಡ. ಬಂದಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು. ಸಾಕಿ ಬೆಳೆಸಿದವಳು ತಲೆ ತಗ್ಗಿಸಿ ನಿಲ್ಲುವುದನ್ನು ನೋಡುವ ಧೈರ್ಯ ಇರಲಿಲ್ಲ. ಒಂದು ಮಗುವಿನ ಲೆಕ್ಕದಿಂದ ಇನ್ನೊಂದು ದಿನವನ್ನು ನಾನು ತಿಂದೆ. ಬಾಗಿಲು ಮುಚ್ಚುವುದು ಯಾವತ್ತು ಅಂತ ಗೊತ್ತಿಲ್ಲ ಅಂತ ನಿನಗೆ ಬರೆದವನೂ ನಾನೇ.

ನಮ್ಮಿಬ್ಬರಿಗೂ ಕಾಗದ ಬರೆಯುವುದು ಚೆನ್ನಾಗಿ ಬರುತ್ತದೆ. ಅದೇ ತೊಂದರೆ.

ಮಗುವಿನ ವಿಷಯ ಬರೆಯುತ್ತಿರು. ಒಂದು ಸಾಲಾದರೂ ಸಾಕು.

ತಮ್ಮ


ಏಪ್ರಿಲ್ 2

ಪುಟ್ಟಾ,

ಗುಬ್ಬಿಗೆ ಕೊನೆಯ ಚುಚ್ಚುಮದ್ದು ಆಯಿತು. ಚೆನ್ನಾಗಿದ್ದಾಳೆ. ಟೈಲರಮ್ಮ ಮಾತಾಡುವುದಿಲ್ಲ. ಬಾಗಿಲಿಗೆ ಹಳೇ ಬಿಸ್ಕತ್ತಿನ ಡಬ್ಬ ಕಟ್ಟಿದ್ದಾಳೆ, ಕಾಗದ ಅದರಲ್ಲಿ ಹಾಕಬೇಕು.

ಅಕ್ಕ


ಜುಲೈ 19

ಪುಟ್ಟಾ,

ಕರಪತ್ರವನ್ನು ಮತ್ತೆ ಅಚ್ಚು ಹಾಕುತ್ತಿದ್ದಾರೆ, ಏನಾದರೂ ಬದಲಾಯಿಸಬೇಕಾ ಅಂತ ಡಾಕ್ಟರು ಕೇಳಿದ್ದಾರೆ, ನಿನಗೇನಾದರೂ ತೋಚುತ್ತದಾ ಅಂತ ನೀನು ಹೋದ ತಿಂಗಳು ಬರೆದಾಗ, ನನ್ನನ್ನೇನು ಕೇಳುತ್ತೀಯ ಅನಿಸಿತ್ತು. ಕೊನೆಗೆ ಒಂದು ಸಾಲು ಬರೆದು ಕಳಿಸಿದೆ. ನೀನು ಒಂದಕ್ಷರವನ್ನೂ ತಿದ್ದದೆ ಹಾಗೇ ಹಾಕಿಸಿದ್ದೀಯ. ಕಟ್ಟು ಬಂತು, ಹಂಚಿ ಮುಗಿಸಿದೆ.

ಮೊದಲು ಗುಬ್ಬಿ ವಿಷಯ. ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ಒಂದು ವಿಷಯ ಇದುವರೆಗೆ ನಿನಗೆ ಬರೆದಿರಲಿಲ್ಲ. ಆ ರೋಗ ಬಂದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ ಅಂತ ಕೇಳಿದಾಗಿನಿಂದ, ಅವಳ ಶಾಲೆಯ ಎದುರು ಹೋಗುವ ಹೊತ್ತನ್ನು ನಾನು ಆಟಕ್ಕೆ ಬಿಡುವ ಹೊತ್ತಿಗೆ ಬದಲಾಯಿಸಿಕೊಂಡಿದ್ದೇನೆ. ನಲ್ಲಿಗೆ ಬಾಯಿ ಒಡ್ಡಿ ಕುಡಿದಳು ಅಂತ ಕಣ್ಣಲ್ಲಿ ಕಂಡ ಮೇಲೆ ಮುಂದಿನ ಬೀದಿಗೆ ಹೋಗುತ್ತೇನೆ. ಒಂದು ದಿನ ಬೇಲಿಯ ಆಚೆ ಕಡೆ ಟೈಲರಮ್ಮನೂ ನಿಂತಿದ್ದಳು. ಅವಳೂ ಅದನ್ನೇ ನೋಡುತ್ತಿದ್ದಳು. ಇಬ್ಬರೂ ಕಂಡೆವು, ಇಬ್ಬರೂ ಕಾಣದವರ ಹಾಗೆ ಹೊರಟೆವು. ಇನ್ನು ಹೆದರಬೇಕಾಗಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆದರೂ ನಿಂತು ನೋಡುತ್ತೇನೆ.

ಕರಪತ್ರ ಹಿಡಿದು ಅವಳ ಬಾಗಿಲಿಗೆ ಹೋದೆ. ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಹೊರಡುವುದರಲ್ಲಿದ್ದೆ. ಒಳಗೆ ಮೆಷಿನ್ನು ನಿಂತಿತು.

"ಏನದು?"

ಇಷ್ಟು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನಾಯಿ ಕಡಿತದ ಕಾಗದ, ಹೊಸದು, ಅಂದೆ.

"ಓದಿ."

ತಲೆ ಎತ್ತಲಿಲ್ಲ, ಒಳಗೆ ಬಾ ಅನ್ನಲೂ ಇಲ್ಲ. ಹೊಸಿಲ ಹೊರಗೆ ನಿಂತು ಓದಿದೆ. ಸೋಪು, ನೀರು, ಕಾಲು ಗಂಟೆ, ತೋಳಿಗೆ ಚುಚ್ಚುಮದ್ದು, ಎಲ್ಲ ಓದಿದೆ. ಕೊನೆಗೆ ನನ್ನ ಸಾಲು ಬಂತು. ಅದು ಯಾರು ಬರೆದದ್ದು ಅಂತ ಕಾಗದದಲ್ಲಿ ಎಲ್ಲೂ ಇಲ್ಲ. "ಪರಿಚಯದ ನಾಯಿಯಾದರೂ, ಯಾರು ಏನೇ ಹೇಳಿದರೂ, ಆಸ್ಪತ್ರೆಗೆ ಹೋಗಿ."

ಅವಳು ಬಟ್ಟೆಯ ಅಂಚನ್ನು ಉಗುರಲ್ಲಿ ತೀಡುತ್ತಾ ಕೂತಿದ್ದಳು. ಹೋಗಲಾ, ನಿಲ್ಲಲಾ ಅಂತ ನನಗೆ ತಿಳಿಯಲಿಲ್ಲ.

"ಕೊನೇದು ಇನ್ನೊಂದ್ಸಲ ಓದಿ" ಅಂದಳು.

ಓದಿದೆ.

ನಿನ್ನ ಅಕ್ಕ